ರಾತ್ರಿ ಜೋಮು ಹಿಡಿಯುವ ಕೈ



ನಿಮ್ಮ ಮನೆಯಲ್ಲಿ ಯಾರಾದರೂ ನಡುರಾತ್ರಿ ಎಚ್ಚರವಾಗಿ, ಹಾಸಿಗೆಯ ಮೇಲೆ ಎದ್ದು ಕುಳಿತು, ಕೈ ಝಾಡಿಸುತ್ತಾರೆಯೇ? ಅವ್ವ, ಅತ್ತೆ, ಹೆಂಡತಿ, ಅಕ್ಕ, ಯಾರಾದರೂ ಸರಿ. ಬೆಳಗ್ಗೆ ಚಹಾದ ಕಪ್ಪು ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ, ರವಿಕೆಯ ಗುಂಡಿ ಹಾಕಲು ಬೆರಳು ಏಳುವುದಿಲ್ಲ ಅನ್ನುತ್ತಾರೆಯೇ? ಹಾಗಿದ್ದರೆ ಅವರನ್ನೂ ಈಗ ರೇಡಿಯೋ ಹತ್ತಿರ ಕರೆದುಕೊಳ್ಳಿ. ಇವತ್ತಿನ ಮಾತು ಅವರ ಕೈಗೆ ಸಂಬಂಧಿಸಿದ್ದು.

ನಾನು ಎಲುಬು, ಕೀಲು, ನರದ ನೋವಿನವರನ್ನು ನೋಡುವ ವೈದ್ಯ. ಹುಬ್ಬಳ್ಳಿಯ ದಕ್ಷಿಣ ತುದಿಯಲ್ಲಿರುವ ಗಬ್ಬೂರ ಮತ್ತು ಸುತ್ತಲಿನ ಊರುಗಳಿಂದ ನನ್ನ ಬಳಿಗೆ ಬಹಳ ಜನ ಬರುತ್ತಾರೆ. ಗಬ್ಬೂರ ಬಲ್ಲವರಿಗೆ ಗೊತ್ತು, ಅದು ಹೊಲಕ್ಕೂ ಹೆದ್ದಾರಿಗೂ ನಡುವೆ ನಿಂತ ಊರು. ಒಂದು ಕಡೆ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಭೂಮಿ. ಇನ್ನೊಂದು ಕಡೆ ಬೆಂಗಳೂರು ರಸ್ತೆ, ಅಲ್ಲಿಂದಲೇ ಧಾರವಾಡದತ್ತ ಹೊರಳುವ ಬೈಪಾಸು, ಲಾರಿಗಳು, ಗ್ಯಾರೇಜುಗಳು. ಹೀಗಾಗಿ ಅಲ್ಲಿಂದ ಬರುವ ಕೈಗಳಲ್ಲಿ ಕುರುಪಿ ಹಿಡಿದ ಕೈ, ರೊಟ್ಟಿ ಬಡಿದ ಕೈ, ಪಾನಾ ತಿರುಗಿಸಿದ ಕೈ ಎಲ್ಲವೂ ಇರುತ್ತವೆ. ಅವರು ಹೇಳುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. "ಸರ್ರ, ಕೈ ಸತ್ತಂಗ ಆಗೇತ್ರಿ. ರಾತ್ರಿ ಜೋಮು ಹಿಡದು ನಿದ್ದೀನ ಇಲ್ರಿ. ಝಾಡಿಸಿದ್ರ ಸ್ವಲ್ಪ ಹಗರ ಆಗತೈತಿ."

ಈ ಕೊನೆಯ ಮಾತು, ಝಾಡಿಸಿದರೆ ಹಗುರಾಗುತ್ತದೆ ಅನ್ನುವುದು, ವೈದ್ಯನ ಕಿವಿಗೆ ಬಹಳ ಬೆಲೆಯುಳ್ಳದ್ದು. ಕಾಯಿಲೆ ಯಾವುದು ಎಂಬುದನ್ನು ಅರ್ಧ ಅದೇ ಹೇಳಿಬಿಡುತ್ತದೆ. ಅದರ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನ ಒಳಗಿರುವ ಒಂದು ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತಿಸಿಕೊಂಡು ಬರುವ ತೊಂದರೆ.

ಆ ದಾರಿ ಹೇಗಿದೆ ಎಂದು ತಿಳಿದರೆ ಉಳಿದದ್ದೆಲ್ಲ ಸುಲಭ. ನಿಮ್ಮ ಅಂಗೈಯನ್ನು ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಅಂಗೈಯ ಬುಡದತ್ತ ಎರಡು ಬೆರಳಿನಷ್ಟು ಜಾಗ, ಅಲ್ಲಿ ಚರ್ಮದ ಕೆಳಗೆ ಆ ಸುರಂಗ ಇದೆ. ತಳಕ್ಕೆ ಮತ್ತು ಮಗ್ಗುಲಿಗೆ 8 ಸಣ್ಣ ಎಲುಬುಗಳು. ಮೇಲೆ ಹೊದಿಕೆಯಾಗಿ ಒಂದು ದಪ್ಪ, ಬಿಗಿಯಾದ ಪಟ್ಟಿ. ಈ ಎಲುಬಾಗಲಿ, ಪಟ್ಟಿಯಾಗಲಿ ಹಿಗ್ಗುವಂಥವಲ್ಲ. ಇದರೊಳಗೆ ಬೆರಳುಗಳನ್ನು ಮಡಿಚುವ 9 ಹುರಿಗಳು ಹಾಯುತ್ತವೆ. ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಅವುಗಳ ಜೊತೆಗೆ ಹೋಗುವುದು ಮೀಡಿಯನ್ ಎಂಬ ಒಂದೇ ಒಂದು ನರ. ಗಬ್ಬೂರಿನಿಂದ ಧಾರವಾಡದ ಬಳಿಯ ನರೇಂದ್ರದವರೆಗಿನ ಬೈಪಾಸು ಎರಡೇ ಪಥ ಇದ್ದ ಕಾಲವನ್ನು ನೆನೆಸಿಕೊಳ್ಳಿ. ಸಾಲುಗಟ್ಟಿದ ಲಾರಿಗಳ ನಡುವೆ ಒಬ್ಬ ಸೈಕಲ್ಲಿನವ ಸಿಕ್ಕಿಕೊಂಡರೆ ಜಾಗ ಕಡಿಮೆಯಾದಾಗ ಮೊದಲು ನಲುಗುವವನು ಅವನೇ. ಮಣಿಕಟ್ಟಿನೊಳಗೆ ಆ ಪಾಡು ನರದ್ದು. ಹುರಿಗಳು ಗಟ್ಟಿ, ಅವು ತಡೆದುಕೊಳ್ಳುತ್ತವೆ. ನರ ಮೆತ್ತಗಿನದು.

ಈ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟಕ್ಕೆ ಸ್ಪರ್ಶ ಕೊಡುತ್ತದೆ. ಕಿರುಬೆರಳಿಗೆ ಬೇರೆ ನರ. ಆದ್ದರಿಂದ ಜೋಮು ಹಿಡಿದಾಗ ಕಿರುಬೆರಳು ಚೆನ್ನಾಗಿದ್ದು ಉಳಿದವು ಮರಗಟ್ಟಿದರೆ ಸಂಶಯ ಮಣಿಕಟ್ಟಿನ ಮೇಲೆ ಹೋಗಬೇಕು. ಬಹಳ ಜನ "ಇಡೀ ಕೈನ ಜೋಮು" ಅನ್ನುತ್ತಾರೆ. ಅವರಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಇವತ್ತು ರಾತ್ರಿ ಎಚ್ಚರವಾದಾಗ ದೀಪ ಹಾಕಿ, ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಳ್ಳಿ, ಬೆಳಗ್ಗೆ ನನಗೆ ತಿಳಿಸಿ. ಹಾಗೆ ನೋಡಿಕೊಂಡು ಬಂದವರಲ್ಲಿ ಬಹಳಷ್ಟು ಮಂದಿ ಕಿರುಬೆರಳನ್ನು ಬಿಟ್ಟು ಹೇಳುತ್ತಾರೆ.

ಇದು ಹೊಸ ಕಾಯಿಲೆಯಲ್ಲ, ಮೊಬೈಲು ತಂದದ್ದೂ ಅಲ್ಲ. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲೇ, ಮಣಿಕಟ್ಟು ಮುರಿದ ಮೇಲೆ ಈ ನರ ಒತ್ತಿಸಿಕೊಂಡು ಕೈ ಕೆಟ್ಟದ್ದನ್ನು ಬರೆದಿಟ್ಟಿದ್ದಾನೆ. ಆಮೇಲೆ ಸುಮಾರು ನೂರು ವರ್ಷ ವೈದ್ಯರಲ್ಲಿ ಹೆಚ್ಚಿನವರು ಇದನ್ನು ಗುರುತಿಸಲೇ ಇಲ್ಲ. ಕುತ್ತಿಗೆಯ ದೋಷ, ರಕ್ತ ಓಡಾಡದ ದೋಷ, ಹೆಂಗಸರ ಮನಸ್ಸಿನ ದೋಷ ಎಂದೆಲ್ಲ ಹೇಳಿ ಕಳಿಸಿದರು. ಕೊನೆಗೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಫಾಲನ್ ಎಂಬ ವೈದ್ಯ ಇದನ್ನು ಹಿಡಿದು ಕೂತು, 17 ವರ್ಷಗಳಲ್ಲಿ ನೋಡಿದ 654 ಕೈಗಳ ಅನುಭವವನ್ನು 1966ರಲ್ಲಿ ಪ್ರಕಟಿಸಿದ. ಅವನ ಹತ್ತಿರ ಬಂದವರಲ್ಲೂ ಹೆಚ್ಚಿನವರು ನಡುವಯಸ್ಸಿನ ಹೆಂಗಸರೇ. ಇಂದಿಗೂ ಲೆಕ್ಕ ಹಾಗೆಯೇ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು, 40 ದಾಟಿದ ಮೇಲೆ ಇನ್ನೂ ಹೆಚ್ಚು.

ಈಗ ಒಂದು ಅಳತೆ ಹೇಳುತ್ತೇನೆ. 1981ರಲ್ಲಿ ರಿಚರ್ಡ್ ಗೆಲ್ಬರ್ಮನ್ ಮತ್ತು ಸಂಗಡಿಗರು ಈ ಸುರಂಗದೊಳಗೆ ಸಣ್ಣ ನಳಿಕೆ ಇಟ್ಟು ಒತ್ತಡ ಅಳೆದರು. ಆರೋಗ್ಯವಂತರ ಮಣಿಕಟ್ಟು ನೇರ ಇದ್ದಾಗ ಒತ್ತಡ ಸುಮಾರು 2.5 ಮಿಲಿಮೀಟರ್ ಪಾದರಸ. ಕಾಯಿಲೆ ಇದ್ದವರಲ್ಲಿ, ಕೈ ನೇರ ಇಟ್ಟುಕೊಂಡು ಸುಮ್ಮನೆ ಕುಳಿತಾಗಲೇ, 32. ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಮಡಿಚಿದರೆ ಅಥವಾ ಹಿಂದಕ್ಕೆ ಬಾಗಿಸಿದರೆ ಅವರ ಒತ್ತಡ 90 ದಾಟಿತು. ಆರೋಗ್ಯವಂತರಲ್ಲೂ ಹಾಗೆ ಬಾಗಿಸಿದಾಗ ಅದು 30ರ ಸುಮಾರಿಗೆ ಏರಿತು. ಅಂದರೆ ಮಣಿಕಟ್ಟನ್ನು ಬಾಗಿಸುವುದೊಂದೇ ಸಾಕು, ನರದ ಮೇಲೆ ಹತ್ತು ಪಟ್ಟಿಗೂ ಮಿಕ್ಕಿ ಭಾರ ಬೀಳುತ್ತದೆ. ನರಕ್ಕೆ ರಕ್ತ ತರುವ ಕೂದಲೆಳೆಯಂಥ ನಾಳಗಳು ಆ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ. ಜೋಮು ಅನ್ನುವುದು ನರದ ಹಸಿವಿನ ಕೂಗು. ರಾತ್ರಿ ನಾವು ಮಣಿಕಟ್ಟು ಮಡಿಚಿ, ಗಲ್ಲದ ಕೆಳಗೋ ದಿಂಬಿನ ಕೆಳಗೋ ಇಟ್ಟು ಮಲಗುತ್ತೇವೆ. ಹಗಲು ಕಾಲಿಗೆ ಇಳಿದಿದ್ದ ನೀರಿನಂಶ ಮಲಗಿದಾಗ ಮೈಯಲ್ಲೆಲ್ಲ ಹರಡಿ ಕೈಗೂ ಬರುತ್ತದೆ. ನೋವು ರಾತ್ರಿಯೇ ಏಕೆ ಏಳುತ್ತದೆ, ಎದ್ದು ಝಾಡಿಸಿದರೆ ಏಕೆ ಇಳಿಯುತ್ತದೆ ಎಂಬುದಕ್ಕೆ ಇದೇ ಉತ್ತರ.

ಇನ್ನು ಕೆಲಸದ ಮಾತಿಗೆ ಬರೋಣ.

ನನ್ನ ಎದುರಿಗೆ ಕುಳಿತ ಹೆಣ್ಣುಮಗಳಿಗೆ "ಏನು ಕೆಲಸ ಮಾಡ್ತೀರವ್ವಾ?" ಎಂದು ಕೇಳಿದರೆ ಬರುವ ಉತ್ತರ: "ಏನಿಲ್ರಿ, ಮನ್ಯಾಗ ಇರ್ತೇನಿ." ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗ ಅನ್ನುವ ಕಡೆ ಗೃಹಿಣಿ ಎಂದು ಬರೆಯಲಾಗುತ್ತದೆ. ವೈದ್ಯನೂ ಅಲ್ಲಿಗೆ ಬಿಟ್ಟುಬಿಡುತ್ತಾನೆ. ನಾನು ಆ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟಿದ್ದೇನೆ. ಬದಲಿಗೆ "ನಿನ್ನೆ ಎದ್ದ ಮೇಲೆ ಕೈಯಿಂದ ಏನೇನು ಮಾಡಿದಿರಿ, ಒಂದೊಂದಾಗಿ ಹೇಳ್ರಿ" ಅನ್ನುತ್ತೇನೆ. ಆಗ ಬರುತ್ತದೆ ನೋಡಿ: ಕಸ ಹೊಡೆದದ್ದು, ಎಮ್ಮೆ ಹಿಂಡಿದ್ದು, ನೀರು ಹೊತ್ತದ್ದು, ಹಿಟ್ಟು ನಾದಿದ್ದು, ಎರಡು ಹೊತ್ತಿನ ರೊಟ್ಟಿ, ಬಟ್ಟೆ, ಪಾತ್ರೆ, ಮಧ್ಯಾಹ್ನ ಹೊಲದ ಕಸ, ಸಂಜೆ ಮತ್ತೆ ಒಲೆ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಇಷ್ಟು ಹೊತ್ತು ಇಷ್ಟು ಬಲ ಹಾಕಿ ಕೈ ಆಡಿಸಿದರೆ ಅದನ್ನು ದುಡಿಮೆಯ ಕಾಯಿಲೆ ಎಂದು ಕರೆಯುತ್ತೇವೆ. ಇವಳದ್ದನ್ನು ಏನೂ ಕರೆಯುವುದಿಲ್ಲ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ದುಡಿಮೆಯ ಕಾಯಿಲೆಗಳ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ಯಾವ ಕೆಲಸದಿಂದ ಬಂದರೆ ಎಂಬುದನ್ನೂ ಅಲ್ಲಿ ಹೇಳಲಾಗಿದೆ: ದೀರ್ಘಕಾಲ ಬಲ ಹಾಕಿ ಅದನ್ನೇ ಮತ್ತೆ ಮತ್ತೆ ಮಾಡುವ ಕೆಲಸ, ನಡುಗುವ ಯಂತ್ರ ಹಿಡಿಯುವ ಕೆಲಸ, ಮಣಿಕಟ್ಟನ್ನು ವಿಪರೀತ ಬಾಗಿಸುವ ಕೆಲಸ, ಅಥವಾ ಈ ಮೂರೂ ಕೂಡಿದ್ದು. ಬಲ, ಬಾಗು, ನಡುಕ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಕೆಲಸ ಕೈ ಕೆಡಿಸುತ್ತದೆ, ಯಾವುದು ಇಲ್ಲ ಎಂದು ನೀವೇ ನೋಡಿ ಹೇಳಬಲ್ಲಿರಿ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ರೊಟ್ಟಿ ಅಂದರೆ ಬಡಿಯುವುದು ಎಂದೇ ಎಲ್ಲರ ನೆನಪು. ಕೈನೋವು ಅಂದಕೂಡಲೇ "ರೊಟ್ಟಿ ಬಡಿದು ಬಡಿದು ಹಿಂಗಾತು" ಅನ್ನುತ್ತಾರೆ. ಆದರೆ ಬಡಿಯುವಾಗ ಅಂಗೈ ಬಿಚ್ಚಿರುತ್ತದೆ, ಮುಷ್ಟಿ ಬಿಗಿದಿರುವುದಿಲ್ಲ, ತಟ್ಟು ಹಗುರ. ನನ್ನ ಲೆಕ್ಕದಲ್ಲಿ ದೊಡ್ಡ ಅಪರಾಧಿ ನಾದುವುದು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಅಂಟುವ ಗುಣ ಇಲ್ಲ. ಎಸರು ಹೊಯ್ದು, ಪ್ರತಿಯೊಂದು ಉಂಡೆಯನ್ನೂ ಅಂಗೈಯ ಬುಡದಿಂದ ಒತ್ತಿ ಒತ್ತಿ ಮಿದಿಯಬೇಕು. ಆಗ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿರುತ್ತದೆ, ಮೈಭಾರವೆಲ್ಲ ಅಂಗೈಯ ಬುಡದ ಮೇಲೆ ಬೀಳುತ್ತದೆ, ಅಂದರೆ ನೇರವಾಗಿ ಆ ಸುರಂಗದ ಹೊದಿಕೆಯ ಮೇಲೆ. ಬಲ ಮತ್ತು ಬಾಗು ಎರಡೂ ಒಂದೇ ಕಡೆ. ಮನೆಮಂದಿಗೆ ಹತ್ತಿಪ್ಪತ್ತು ರೊಟ್ಟಿಯಾದರೆ ಮೈ ತಡೆದುಕೊಳ್ಳುತ್ತದೆ. ಆದರೆ ಈಗ ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳಿಗೆ, ಅಂಗಡಿಗಳಿಗೆ, ಮದುವೆ ಮುಂಜಿವೆಗಳಿಗೆ ಖಡಕ್ ರೊಟ್ಟಿ ಮಾಡಿಕೊಟ್ಟು ಸಂಸಾರ ತೂಗಿಸುವ ಹೆಣ್ಣುಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ಅವರಿಗೆ ದಿನಕ್ಕೆ ನೂರು ರೊಟ್ಟಿ ಅಂದರೆ ದೊಡ್ಡ ಮಾತಲ್ಲ. ಅವರಿಗೆ ರೊಟ್ಟಿ ಬಿಡಿ ಎಂದು ಹೇಳುವ ವೈದ್ಯ ಅವರ ಅನ್ನ ಬಿಡಿಸಿದ ಹಾಗೆ. ಹಾಗಾಗಿ ನಾನು ಬಿಡಿ ಅನ್ನುವುದಿಲ್ಲ, ಬೇರೆ ರೀತಿಯಲ್ಲಿ ಮಾಡಿ ಅನ್ನುತ್ತೇನೆ. ಎಸರು ಚೆನ್ನಾಗಿ ಕುದಿಯುವಾಗ ಹಾಕಿ, ಹಿಟ್ಟು ಸ್ವಲ್ಪ ಹೊತ್ತು ಮುಚ್ಚಿಡಿ, ಅರ್ಧ ಮಿದಿಯುವ ಕೆಲಸವನ್ನು ಬಿಸಿಯೇ ಮಾಡುತ್ತದೆ. ಹಳೆಯ ಹಿಟ್ಟಿಗಿಂತ ಹೊಸದಾಗಿ ಬೀಸಿಸಿದ ಹಿಟ್ಟು ಬೇಗ ಹದಕ್ಕೆ ಬರುತ್ತದೆ, ಇದನ್ನು ನನಗೆ ಹೇಳಿಕೊಟ್ಟವರು ರೊಟ್ಟಿ ಮಾಡುವವರೇ. ಅಂಗೈಯ ಬುಡದ ಬದಲು ಮುಷ್ಟಿಯ ಗೆಣ್ಣುಗಳಿಂದ, ಮಣಿಕಟ್ಟು ಮೊಣಕೈ ಒಂದೇ ಗೆರೆಯಲ್ಲಿ ಇಟ್ಟು ನಾದಿ. ಮಿದಿಯುವವರು ಒಬ್ಬರು, ಬಡಿಯುವವರು ಒಬ್ಬರು, ಬೇಯಿಸುವವರು ಒಬ್ಬರು ಇದ್ದರೆ ಪ್ರತಿ ಇಪ್ಪತ್ತೈದು ರೊಟ್ಟಿಗೆ ಜಾಗ ಬದಲಾಯಿಸಿಕೊಳ್ಳಿ. ಹಿಟ್ಟು ನಾದುವ ಯಂತ್ರ ಕೊಳ್ಳುವ ಶಕ್ತಿ ಸಂಘಕ್ಕಿದ್ದರೆ, ಮೊದಲು ಅದನ್ನೇ ಕೊಳ್ಳಿ. ಬಡಿಯುವ ಯಂತ್ರ ಆಮೇಲೆ ನೋಡಿಕೊಳ್ಳಬಹುದು.

ರೊಟ್ಟಿಯಷ್ಟೇ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು, ಕೈ ಕೆಡಿಸುವುದು ಬಟ್ಟೆ ಹಿಂಡುವುದು. ತೊಯ್ದ ಇಲಕಲ್ ಸೀರೆ, ತೊಯ್ದ ಕೌದಿ ಎಷ್ಟು ಭಾರ ಎಂದು ಎತ್ತಿದವರಿಗೇ ಗೊತ್ತು. ಹಿಂಡುವಾಗ ಮುಷ್ಟಿ ಪೂರ್ತಿ ಬಿಗಿಯುತ್ತದೆ, ಒಂದು ಮಣಿಕಟ್ಟು ಕೆಳಕ್ಕೆ ಮಡಿಚುತ್ತದೆ, ಇನ್ನೊಂದು ಮೇಲಕ್ಕೆ ತಿರುಚುತ್ತದೆ. ಮುಷ್ಟಿ ಬಿಗಿದಾಗ ಅಂಗೈಯ ಒಳಗಿನ ಸಣ್ಣ ಸ್ನಾಯುಗಳು ಹಿಂದಕ್ಕೆ ಸರಿದು ಸುರಂಗದ ಬಾಯಿಯೊಳಗೆ ತೂರಿಕೊಳ್ಳುತ್ತವೆ. ಮೊದಲೇ ಇಕ್ಕಟ್ಟಾದ ದಾರಿಗೆ ಹೊಸಬರು ನುಗ್ಗಿದಂತಾಗುತ್ತದೆ. ಇದಕ್ಕೆ ಮದ್ದು ದುಬಾರಿಯದಲ್ಲ. ದೊಡ್ಡ ಬಟ್ಟೆಯನ್ನು ಹಿಂಡದೆ ಹಾಗೇ ಹಗ್ಗದ ಮೇಲೆ ಹಾಕಿ, ನೀರು ತಾನೇ ಸೋರಲಿ. ಹಿಂಡಲೇಬೇಕಾದರೆ ನಳಕ್ಕೆ ಸುತ್ತಿ ಎರಡೂ ತುದಿ ಹಿಡಿದು ತಿರುವಿ, ಇಲ್ಲವೇ ಇಬ್ಬರು ಹಿಡಿಯಿರಿ. ಕೌದಿ, ಚಾದರ, ಹಾಸಿಗೆಯ ಹೊದಿಕೆ ಹಿಂಡುವ ಕೆಲಸವನ್ನು ಮನೆಯ ಗಂಡಸರು ಮಾಡಲಿ ಎಂದು ನಾನು ಚೀಟಿಯ ಮೇಲೆ ಔಷಧದ ಹೆಸರಿನ ಕೆಳಗೇ ಬರೆಯುತ್ತೇನೆ. ಬರೆದು, ಜೊತೆಗೆ ಬಂದ ಗಂಡನ ಕೈಗೇ ಆ ಚೀಟಿ ಕೊಡುತ್ತೇನೆ.

ಹೊಲದಲ್ಲಿ ಕುರುಪಿ. ಹಿಡಿ ಸಣ್ಣದಿದ್ದಷ್ಟೂ ಮುಷ್ಟಿ ಬಿಗಿ ಹೆಚ್ಚು. ಕೆಲವರು ಹಿಡಿಗೆ ಹಳೆಯ ಬಟ್ಟೆ ಅಥವಾ ಸೈಕಲ್ ಟ್ಯೂಬು ಸುತ್ತಿಕೊಂಡು ದಪ್ಪ ಮಾಡಿಕೊಳ್ಳುತ್ತಾರೆ, ಅದು ಬಹಳ ಒಳ್ಳೆಯ ಉಪಾಯ. ಕುಡುಗೋಲು ಮೊಂಡಾಗಿದ್ದರೆ ಎರಡು ಪಟ್ಟು ಬಲ ಬೇಕಾಗುತ್ತದೆ, ಹಾಗಾಗಿ ಮಸೆದುಕೊಳ್ಳುವುದೂ ಕೈಯ ಆರೈಕೆಯೇ. ಬೆಂಗಳೂರು ರಸ್ತೆ ಹಿಡಿದು ಹಾವೇರಿ ದಾಟಿದರೆ ಬ್ಯಾಡಗಿ ಸೀಮೆ. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ದಿನವಿಡೀ ಹೆಬ್ಬೆರಳು, ತೋರುಬೆರಳು ಎರಡರಿಂದಲೇ ಸಾವಿರಾರು ಸಲ ಚಿವುಟುತ್ತಾರೆ. ಒಂದೊಂದು ಚಿವುಟಿಗೆ ಬೇಕಾದ ಬಲ ಅಲ್ಪ, ಆದರೆ ಅದಕ್ಕೆ ಬಿಡುವಿಲ್ಲ. ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಕ್ಕಳು ಎಳೆಯನ್ನು ಕೂರಿಸಲು ಕಬ್ಬಿಣದ ಪಂಜದಿಂದ ಹೊಡೆಯುತ್ತಾರೆ. ಭಾರವಾದ ಸಾಧನ, ಬಿಗಿ ಹಿಡಿತ, ಮತ್ತೆ ಮತ್ತೆ ಬೀಳುವ ಪೆಟ್ಟು. ನಮ್ಮ ಜಿಲ್ಲೆಯ ಹೆಮ್ಮೆಯ ಆ ಕಸುಬನ್ನು ಉಳಿಸಬೇಕು ಎಂದು ವೇದಿಕೆಗಳಲ್ಲಿ ಮಾತಾಡುವವರು ಅದನ್ನು ಹಿಡಿದ ಮಣಿಕಟ್ಟುಗಳನ್ನೂ ಒಮ್ಮೆ ಕೇಳಿ ನೋಡಬೇಕು. ಎಮ್ಮೆ ಹಿಂಡುವವರಲ್ಲಿ ಹೆಬ್ಬೆರಳನ್ನು ಒಳಕ್ಕೆ ಮಡಿಚಿ, ಅದರ ಗೆಣ್ಣಿಗೆ ಒತ್ತಿ ಹಿಂಡುವ ರೂಢಿ ಇದೆ. ಎಮ್ಮೆಯ ಮೊಲೆಗೆ ಅದು ಒಳ್ಳೆಯದಲ್ಲ ಎಂದು ಪಶುವೈದ್ಯರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಹಿಂಡುವವರ ಕೈಗೂ ಅದು ಒಳ್ಳೆಯದಲ್ಲ. ಇಡೀ ಅಂಗೈಯಿಂದ, ಮಣಿಕಟ್ಟು ನೇರ ಇಟ್ಟು ಹಿಂಡಿರಿ.

ಗಂಡಸರ ಕಾಯಿಲೆಗೆ ದಾರಿ ಹೆಚ್ಚಾಗಿ ನಡುಕ. ಗಬ್ಬೂರ ಕ್ರಾಸಿನ ಗ್ಯಾರೇಜಿನಲ್ಲಿ ಲಾರಿಯ ಗಾಲಿಯ ನಟ್ಟು ಬಿಚ್ಚುವ ಏರ್ ಗನ್, ವೆಲ್ಡಿಂಗ್ ಅಂಗಡಿಯ ಗ್ರೈಂಡರ್, ರಸ್ತೆ ಕೆಲಸದ ಬ್ರೇಕರ್, ಕಲ್ಲು ಕೊರೆಯುವ ಡ್ರಿಲ್ಲು. ಈ ನಡುಕ ಹುರಿಗಳಿಗಷ್ಟೇ ಅಲ್ಲ, ನರಕ್ಕೇ ಒಳಗಿನಿಂದ ಬಾವು ಬರಿಸುತ್ತದೆ. ಇಪ್ಪತ್ತೈದರ ಹುಡುಗನ ಬೆರಳು ಜೋಮು ಹಿಡಿದರೆ ನಾನು ಮೊದಲು ಕೇಳುವುದು ಯಾವ ಮಷೀನು ಹಿಡಿಯುತ್ತಿ ಎಂದು. ಗ್ರೈಂಡರಿನ ಸವೆದ ಡಿಸ್ಕು, ಸಡಿಲಾದ ಬೇರಿಂಗು ನಡುಕವನ್ನು ಹೆಚ್ಚಿಸುತ್ತವೆ. ಅವನ್ನು ಬದಲಾಯಿಸುವ ಖರ್ಚು ಮಾಲೀಕನದು, ಬದಲಾಯಿಸದಿದ್ದರೆ ಆಗುವ ನಷ್ಟ ಹುಡುಗನದು. ಗ್ಯಾರೇಜು ನಡೆಸುವವರು ಕೇಳುತ್ತಿದ್ದರೆ ಇದೊಂದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ. ಬೈಕು ಹೆಚ್ಚು ಓಡಿಸುವವರಿಗೂ ಇದೇ ತೊಂದರೆ: ಎಕ್ಸಲರೇಟರ್ ತಿರುವುವಾಗ ಬಲಗೈಯ ಮಣಿಕಟ್ಟು ಹಿಂದಕ್ಕೆ ಬಾಗಿ ಹಾಗೇ ಉಳಿಯುತ್ತದೆ.

ಹಾಗಾದರೆ ಮೊಬೈಲು, ಕಂಪ್ಯೂಟರು? ಎಲ್ಲರ ಬೆರಳೂ ಮೊದಲು ತೋರುವುದು ಅದರ ಕಡೆಗೇ. 2003ರಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 7,000 ತಾಂತ್ರಿಕ ಸಹಾಯಕರನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಬೋರ್ಡಿಗೆ ಈ ಕಾಯಿಲೆಯ ಜೊತೆ ಗಟ್ಟಿಯಾದ ಸಂಬಂಧ ಸಿಗಲಿಲ್ಲ. ಮೌಸನ್ನು ವಾರಕ್ಕೆ 20 ಗಂಟೆಗಿಂತ ಹೆಚ್ಚು ಹಿಡಿಯುವವರಲ್ಲಿ ಸ್ವಲ್ಪ ಕಂಡಿತು. ಮೊಬೈಲಿನಿಂದ ಹೆಬ್ಬೆರಳ ಬುಡ ನೋಯಬಹುದು, ಕುತ್ತಿಗೆ ನೋಯಬಹುದು. ಆದರೆ ಕಾಲೇಜಿನ ಹುಡುಗಿಯ ಮೊಬೈಲಿಗೆ ಮನೆಮಂದಿಯೆಲ್ಲ ಬೈಯುತ್ತ, ಅವಳ ಅವ್ವ ಹಿಂಡುವ ಕೌದಿಯ ಕಡೆ ಯಾರೂ ನೋಡದೇ ಇರುವುದು ನ್ಯಾಯವಲ್ಲ.

ಅದೇ ಹೊತ್ತಿಗೆ, ಎಲ್ಲವೂ ಕೆಲಸದಿಂದಲೇ ಬಂತು ಅನ್ನುವುದೂ ಸರಿಯಲ್ಲ. ಒಂದೇ ಓಣಿಯಲ್ಲಿ ಅಷ್ಟೇ ರೊಟ್ಟಿ ಮಾಡುವ ಇಬ್ಬರಲ್ಲಿ ಒಬ್ಬಳಿಗೆ ಬರುತ್ತದೆ, ಇನ್ನೊಬ್ಬಳಿಗೆ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಆ ಸುರಂಗ ಚಿಕ್ಕದು, ಅವ್ವನಿಗೆ ಇದ್ದರೆ ಮಗಳಿಗೂ ಬರುವುದುಂಟು. ಸಕ್ಕರೆ ಕಾಯಿಲೆ, ಥೈರಾಯಿಡ್ ಕಡಿಮೆಯಾಗುವುದು, ಸಂಧಿವಾತ, ಮೈತೂಕ, ಹಿಂದೆ ಮುರಿದು ಕೂಡಿದ ಮಣಿಕಟ್ಟು, ಇವೆಲ್ಲ ದಾರಿಯನ್ನು ಇಕ್ಕಟ್ಟು ಮಾಡುತ್ತವೆ ಅಥವಾ ನರವನ್ನು ಸೂಕ್ಷ್ಮ ಮಾಡುತ್ತವೆ. ಎರಡೂ ಕೈ ಜೋಮು ಹಿಡಿಯುತ್ತದೆ ಎಂದು ಬಂದವರ ರಕ್ತ ಪರೀಕ್ಷೆ ಮಾಡಿಸಿದಾಗ ಅಲ್ಲಿಯವರೆಗೆ ಗೊತ್ತೇ ಇರದ ಸಕ್ಕರೆ ಕಾಯಿಲೆ ಸಿಕ್ಕ ಸಂದರ್ಭಗಳು ನನ್ನ ಅನುಭವದಲ್ಲಿವೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ನೀರು ತುಂಬಿ ಇದು ಬರುತ್ತದೆ, ಹೆರಿಗೆಯ ನಂತರ ಹೆಚ್ಚಿನವರಿಗೆ ತಾನೇ ಹೋಗುತ್ತದೆ. ಅವರು ಹೆದರಬೇಕಿಲ್ಲ. ಮನೆಯವರು ಮಾತ್ರ ಆ ತಿಂಗಳುಗಳಲ್ಲಿ ಅವರಿಂದ ಹಿಂಡುವ, ನಾದುವ ಕೆಲಸ ಮಾಡಿಸಬಾರದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದು ಆಗಲೇ ಹೇಳಿದ ಫಾಲನ್ ವೈದ್ಯನ ಹೆಸರಿನದು. ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ, ಎದೆಯ ಮುಂದೆ ಒಂದು ನಿಮಿಷ ಹಿಡಿಯಿರಿ. ಅಷ್ಟರೊಳಗೆ ಮೊದಲ ಮೂರು ಬೆರಳಲ್ಲಿ ಜುಮುಜುಮು ಶುರುವಾದರೆ ವೈದ್ಯರಿಗೆ ತೋರಿಸಿ. ಶುರುವಾಗದಿದ್ದರೆ ಕಾಯಿಲೆ ಇಲ್ಲವೇ ಇಲ್ಲ ಎಂದು ಅರ್ಥವಲ್ಲ. ಇನ್ನೊಂದು, ಇದು ಇನ್ನೂ ಮುಖ್ಯ: ಹೆಬ್ಬೆರಳ ಬುಡದಲ್ಲಿ ಅಂಗೈ ಮೇಲೆ ಒಂದು ದಿಬ್ಬ ಇರುತ್ತದಲ್ಲ, ಎರಡೂ ಕೈಯ ದಿಬ್ಬ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬತ್ತಿ ಚಪ್ಪಟೆಯಾಗಿದ್ದರೆ ನರ ಬಹಳ ದಿನದಿಂದ ನರಳುತ್ತಿದೆ ಎಂದು ತಿಳಿಯಿರಿ. ಬಂದು ಹೋಗುವ ಜೋಮು ವಾಸಿಯಾಗುತ್ತದೆ. ಬತ್ತಿಹೋದ ಸ್ನಾಯು ಪೂರ್ತಿ ಮರಳುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ನಮ್ಮ ಕಡೆಯವರು ಬರುವುದು ಈ ಹಂತದಲ್ಲಿ. ಜೋಳದ ಕಾಳು ಆರಿಸಲು ಬರುವುದಿಲ್ಲ, ಕೈಯಿಂದ ಪಾತ್ರೆ ಜಾರುತ್ತದೆ ಎಂದಾಗ ಬರುತ್ತಾರೆ. ಜೋಮು ಶುರುವಾಗಿ ವರ್ಷಗಳೇ ಆಗಿರುತ್ತವೆ. ಅಷ್ಟು ದಿನ ಏನು ಮಾಡಿದಿರಿ ಎಂದರೆ, "ವಯಸ್ಸಾತಲ್ರಿ, ಹಿಂಗ ಇರ್ತೈತಿ ಅಂತ ಬಿಟ್ಟಿದ್ನಿ" ಅನ್ನುತ್ತಾರೆ.

ಬಿಟ್ಟವರು ಸುಮ್ಮನೆಯೂ ಬಿಟ್ಟಿರುವುದಿಲ್ಲ. ಮಣಿಕಟ್ಟಿಗೆ ಬಿಗಿಯಾಗಿ ದಾರ ಕಟ್ಟಿಸಿಕೊಂಡಿರುತ್ತಾರೆ, ಬ್ಯಾಂಡೇಜು ಸುತ್ತಿರುತ್ತಾರೆ, ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಿಕೊಂಡಿರುತ್ತಾರೆ. ಒತ್ತಡದಿಂದ ಬಂದ ಕಾಯಿಲೆಗೆ ಇನ್ನೂ ಒತ್ತಡ. ನೋವಿನ ಮಾತ್ರೆ ಒಂದು ರಾತ್ರಿಯ ನಿದ್ದೆ ಕೊಡಬಹುದು, ನರಕ್ಕೆ ಜಾಗ ಕೊಡಲಾರದು. ಅದನ್ನೇ ತಿಂಗಳುಗಟ್ಟಲೆ ನುಂಗಿ ಹೊಟ್ಟೆ, ಮೂತ್ರಪಿಂಡ ಕೆಡಿಸಿಕೊಂಡವರು ಇದ್ದಾರೆ.

ಮೊದಲ ಹಂತಕ್ಕೆ ನಿಜವಾದ ಮದ್ದು ಬಹಳ ಸರಳ. ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರ ಇಡುವ ಒಂದು ಪಟ್ಟಿ, ಸ್ಪ್ಲಿಂಟ್ ಎಂದು ಔಷಧ ಅಂಗಡಿಯಲ್ಲಿ ಸಿಗುತ್ತದೆ. ಕನಿಷ್ಠ ಆರು ವಾರ ತಪ್ಪದೆ ಹಾಕಬೇಕು. ಒಂದು ಎಚ್ಚರಿಕೆ: ಅಂಗಡಿಯ ಪಟ್ಟಿಗಳಲ್ಲಿ ಎಷ್ಟೋ, ಕೈಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸುವಂತೆ ಇರುತ್ತವೆ. ಒಳಗಿನ ಲೋಹದ ಪಟ್ಟಿಯನ್ನು ತೆಗೆದು ನೇರ ಮಾಡಿ ಹಾಕಿಕೊಳ್ಳಿ, ಬಿಗಿಯಾಗಿ ಕಟ್ಟಬೇಡಿ. ಅದರಿಂದ ಇಳಿಯದಿದ್ದರೆ ಸ್ಟಿರಾಯಿಡ್ ಚುಚ್ಚುಮದ್ದು ಇದೆ, ಕೆಲವು ತಿಂಗಳ ನೆಮ್ಮದಿ ಕೊಡುತ್ತದೆ. ನರದ ಓಟವನ್ನು ಅಳೆಯುವ ಪರೀಕ್ಷೆಯಲ್ಲಿ ಒತ್ತು ಜಾಸ್ತಿ ಕಂಡರೆ, ಅಥವಾ ದಿಬ್ಬ ಬತ್ತಲು ಶುರುವಾಗಿದ್ದರೆ, ಶಸ್ತ್ರಚಿಕಿತ್ಸೆಯೇ ದಾರಿ. ಅದರಲ್ಲಿ ಮಾಡುವುದಿಷ್ಟೇ, ಆ ದಪ್ಪ ಹೊದಿಕೆಯನ್ನು ಸೀಳಿ ನರಕ್ಕೆ ಜಾಗ ಬಿಡುವುದು. ಕೈಯಷ್ಟನ್ನೇ ಮರಗಟ್ಟಿಸಿ ಮಾಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ರಾತ್ರಿಯ ಜೋಮು ಎಷ್ಟೋ ಜನರಿಗೆ ಮೊದಲ ವಾರದಲ್ಲೇ ಹೋಗುತ್ತದೆ. ಮುಷ್ಟಿಯ ಶಕ್ತಿ ಮರಳಲು ಮಾತ್ರ ಎರಡು ಮೂರು ತಿಂಗಳು ಬೇಕು. ಆ ತಿಂಗಳುಗಳಲ್ಲಿ ರೊಟ್ಟಿ ಯಾರು ಮಾಡುತ್ತಾರೆ ಎಂಬ ಚಿಂತೆಯಿಂದಲೇ ಶಸ್ತ್ರಚಿಕಿತ್ಸೆ ಬೇಡ ಎಂದು ಎದ್ದು ಹೋದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಕತ್ತಿಯ ಭಯಕ್ಕಿಂತ ಆ ಚಿಂತೆ ದೊಡ್ಡದಿತ್ತು.

ಕೈ ಜೋಮೆಲ್ಲ ಇದೇ ಅಲ್ಲ ಎಂಬುದನ್ನೂ ಹೇಳಬೇಕು. ಕಿರುಬೆರಳು, ಉಂಗುರ ಬೆರಳು ಮಾತ್ರ ಮರಗಟ್ಟಿದರೆ ಅದು ಬೇರೆ ನರ. ಕುತ್ತಿಗೆಯಿಂದ ತೋಳಿಗೆ ಸೆಳೆತ ಇಳಿದರೆ ಕುತ್ತಿಗೆ ನೋಡಿಸಬೇಕು. ಎರಡೂ ಪಾದವೂ ಜೋಮು ಹಿಡಿದರೆ ಸಕ್ಕರೆ, ಬಿ12 ಪರೀಕ್ಷೆ ಆಗಬೇಕು. ಚರ್ಮದ ಮೇಲೆ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಮಾಡಿಸಬೇಕು, ನಾಚಬಾರದು, ಔಷಧ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ. ಒಮ್ಮಿಂದೊಮ್ಮೆಲೇ ಒಂದು ಕಡೆಯ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ. ಆಗ ಝಾಡಿಸುತ್ತ, ಎಣ್ಣೆ ತಿಕ್ಕುತ್ತ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಕೇಳುಗರೇ, ಅದರಲ್ಲೂ ಗಂಡಸರೇ, ನಿಮ್ಮಲ್ಲಿ ಒಂದು ವಿನಂತಿ. ಇವತ್ತು ಊಟಕ್ಕೆ ಕುಳಿತಾಗ ರೊಟ್ಟಿ ಬಡಿಸಿದವರನ್ನು ಕೇಳಿ, ರಾತ್ರಿ ಕೈ ಜೋಮು ಹಿಡಿಯುತ್ತದೆಯೇ ಎಂದು. ಹೌದು ಅಂದರೆ ಹೆಬ್ಬೆರಳ ದಿಬ್ಬವನ್ನು ನೀವೇ ನೋಡಿ. ಆ ವಾರದಲ್ಲೇ ಅವರನ್ನು ಕರೆದುಕೊಂಡು ಹೋಗಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗಾಗಲಿ ತೋರಿಸಿ. ವೈದ್ಯರು ಕೈಗೆ ವಿಶ್ರಾಂತಿ ಬೇಕು ಎಂದು ಹೇಳಿದರೆ, ಅಷ್ಟು ದಿನ ಹಿಟ್ಟು ನಾದುವ ಮತ್ತು ಬಟ್ಟೆ ಹಿಂಡುವ ಕೆಲಸವನ್ನು ನೀವು ವಹಿಸಿಕೊಳ್ಳಿ.